ಎಂಟನೆಯ ಸಮಾಧಿಯ ಎಡಗೈ

ಒದ್ದೆ ಸುಣ್ಣದ ವಾಸನೆ, ಅಲ್ಲ ಸುಣ್ಣವಲ್ಲ, ಪ್ಲಾಸ್ಟರಿನದು, ಹನ್ನೊಂದು ವರ್ಷ ಒಣಗಿ ಕೂತದ್ದಕ್ಕೆ ನೀರು ತಾಕಿದ ಕೂಡಲೇ ನಿನ್ನೆ ಮೊನ್ನೆ ಕಲಸಿದ ಹಾಗೆ ಮೂಗಿಗೆ ಹತ್ತಿತು — ಗರಗಸದ ಅಲಗು ಝುಂಯ್ ಎನ್ನುತ್ತ ಬಿಳಿ ಗಟ್ಟಿಯ ಅಂಚಿಗೆ ಇಳಿಯುತ್ತಿದೆ, ಆಸ್ಪತ್ರೆಯಿಂದ ಕೇಳಿ ತಂದ ಗರಗಸ, ಮುರಿದ ಕೈಕಾಲಿನವರ ಕಟ್ಟು ಬಿಚ್ಚುವಂಥದು, ಗಿರಗಿರ ತಿರುಗುವುದಿಲ್ಲ, ಇದ್ದಲ್ಲೇ ಅದುರುತ್ತದೆ, ಚರ್ಮಕ್ಕೆ ತಾಕಿದರೆ ಕಚಗುಳಿಯಷ್ಟೇ, ಹೆದರಬೇಡಿ ಎಂದು ದಿನಕ್ಕೆ ಇಪ್ಪತ್ತು ಜನಕ್ಕೆ ಹೇಳುತ್ತಾಳೆ ಅವಳು, ಹೇಳಿ ತನ್ನ ಅಂಗೈಗೇ ಒತ್ತಿ ತೋರಿಸುತ್ತಾಳೆ, ನೋಡಿ, ಮೆತ್ತಗಿರೋದನ್ನ ಇದು ಏನೂ ಮಾಡಲ್ಲ, ಗಟ್ಟಿ ಇರೋದನ್ನ ಮಾತ್ರ. ಇವತ್ತಿನ ಕಟ್ಟಿನೊಳಗಿರುವ ಕೈಗೆ ಯಾರೂ ಧೈರ್ಯ ಹೇಳಬೇಕಾಗಿಲ್ಲ, ಆ ಕೈಯವಳು ಸತ್ತು ಎರಡು ಸಾವಿರ ವರ್ಷದ ಮೇಲಾಯಿತು, ಆದರೂ ಬಾಯಿಗೆ ಬಂದೇ ಬಿಟ್ಟಿತು, ಹೆದರಬೇಡಿ ಅಜ್ಜಿ — ಯಾರಾದರೂ ಕೇಳಿಸಿಕೊಂಡರೋ ಎಂದು ತಿರುಗಿ ನೋಡಿದಳು, ಕೋಣೆಯಲ್ಲಿ ಯಾರೂ ಇಲ್ಲ, ಕಪಾಟುಗಳು, ತೊಟ್ಟಿ, ನಲ್ಲಿ, ಮೂರುಕಾಲಿನ ಮೇಲೆ ನಿಂತ ಕ್ಯಾಮೆರಾ. ಗಟ್ಟಿಯ ಮೇಲಿನ ಪೆನ್ಸಿಲ್ ಬರಹ ಅವಳದೇ, ಸಮಾಧಿ ಎಂಟು, ಎಡಗೈ, ಮಣ್ಣು ಸಮೇತ, ತಾರೀಖು, ಕೊನೆಗೊಂದು ಸರಿ ಗುರುತು, ಅದರ ಪಕ್ಕ ಇನ್ನೊಂದು ಸರಿ ಗುರುತು. ಯಾವುದನ್ನೂ ಒಂದೇ ಸಲ ನೋಡಿ ಬಿಟ್ಟವಳಲ್ಲ ಅವಳು, ಬೀಗ ಹಾಕಿ ಬೀದಿಯ ತುದಿಗೆ ಹೋದವಳು ಮರಳಿ ಬಂದು ಎಳೆದು ನೋಡುತ್ತಾಳೆ, ಎಣಿಸಿ ಬರೆದ ಮೂಳೆಗಳನ್ನು ಇನ್ನೊಂದ್ಸಲ ಎಣಿಸ್ತೀನಿ ಎನ್ನುತ್ತಾಳೆ, ಅದಕ್ಕೇ ಅಗೆಯುವ ಜಾಗದಲ್ಲಿ ಅವಳಿಗೆ ಇನ್ನೊಂದ್ಸಲ ಎಂದೇ ಹೆಸರು — ಇನ್ನೊಂದ್ಸಲ ಊಟಕ್ಕೆ ಬಂದಳೇನ್ರೋ, ಬಂದಳು, ಕೈ ತೊಳೆದಿದೀನಾ ಅಂತ ನೋಡ್ಕೊಳ್ಳೋಕೆ ವಾಪಸ್ ಹೋದಳು — ನಕ್ಕರೆ ನಗಲಿ, ಅವಳೂ ನಗುತ್ತಿದ್ದಳು. ಅಂಥವಳನ್ನು ಅಜಾಗರೂಕಳು ಎಂದರು. ಎಂದರು ಯಾಕೆ, ಎಂದ. ಪಾಠ ಹೇಳಿದ ಮೇಷ್ಟ್ರಲ್ಲವೇ, ಮನಸ್ಸಿನೊಳಗೂ ಅವನಿಗೆ ಬಹುವಚನವೇ. ಅಂಥವಳನ್ನು ಕಳ್ಳಿ ಮಾಡಿದ.

ಗೋಡೆಯಾಚೆ ಕುರ್ಚಿ ಎಳೆಯುತ್ತಿದ್ದಾರೆ, ಮೈಕಿನವನು ಒಂದು ಎರಡು ಎಂದು ಎಣಿಸುತ್ತಿದ್ದಾನೆ, ಈ ಕೋಣೆಯ ಮೂಲೆಯಲ್ಲೂ ಒಂದು ಧ್ವನಿವರ್ಧಕ ಇದೆ, ಅವನ ಒಂದು ಎರಡು ಇವಳ ತಲೆಯ ಮೇಲೇ ಬಂದು ಬೀಳುತ್ತದೆ. ಹತ್ತು ಗಂಟೆ. ಹನ್ನೊಂದಕ್ಕೆ ವಸ್ತುಸಂಗ್ರಹಾಲಯದ ಹೊಸ ಸಭಾಂಗಣ ತೆರೆಯುತ್ತದೆ, ನಡುವೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಏಳನೆಯ ಸಮಾಧಿಯ ನಾಯಕ ಅಂಗಾತ ಮಲಗಿದ್ದಾನೆ, ಪಕ್ಕದಲ್ಲಿ ಕಬ್ಬಿಣದ ಈಟಿ, ಎಡಗೈಯ ಹತ್ತಿರ ನೀಲಿ ಬಟ್ಟೆಯ ಮೇಲೆ ಕಂಚಿನ ಕಡಗ, ಅರ್ಧ. ಅರ್ಧವೇ. ಬೆಳಿಗ್ಗೆ ಒಳಗೆ ಬರುವಾಗ ನೋಡಬಾರದು ಎಂದುಕೊಂಡೇ ನೋಡಿದಳು, ಹಸಿರು ಹಿಡಿದ ಅರ್ಧ ವೃತ್ತ, ತುದಿಗಳೆರಡೂ ಮುರುಕು ಹಲ್ಲಿನ ಹಾಗೆ, ಕೆಳಗೆ ಅಚ್ಚುಕಟ್ಟಾದ ಅಕ್ಷರದಲ್ಲಿ ನಾಯಕನ ಕಡಗ, ಉಳಿದ ಭಾಗ ಉತ್ಖನನದ ವೇಳೆ ಕಾಣೆಯಾಗಿದೆ. ಕಾಣೆಯಾಗಿದೆಯಂತೆ. ಉಗ್ರಾಣದ ಹುಡುಗಿಗೆ ಈ ಕತೆ ಗೊತ್ತಿಲ್ಲ, ಅವಳು ಕೆಲಸಕ್ಕೆ ಸೇರಿದ್ದೇ ಈ ವರ್ಷ, ಮುರಿದ ಮೇಜುಗಳ ಹಿಂದೆ ಆರು ಪ್ಲಾಸ್ಟರ್ ಗಟ್ಟಿ ಸಿಕ್ಕಿದವಂತೆ, ಯಾರೂ ಬಿಚ್ಚದೆ ಬಿಟ್ಟವು, ಫೋನು ಮಾಡಿ ಹೇಳಿದಳು, ಆಗ ಅಗೆಯೋಕೆ ಇದ್ದ ಮೇಸ್ತ್ರಿ ಹತ್ರ ಕೇಳಿದೆ ಅಕ್ಕಾ, ಬರಹ ನೋಡಿದ ತಕ್ಷಣ ನಕ್ಕುಬಿಟ್ರು, ಎರಡೆರಡು ಸಲ ಸರಿ ಹಾಕೋಳು ಭೂಮಿ ಮೇಲೆ ಒಬ್ಬಳೇ ಅಂದ್ರು, ಕಟ್ಟಿದೋರೇ ಬಿಚ್ಚಿದ್ರೆ ಚೆನ್ನಾಗಿರುತ್ತಲ್ವಾ, ನಿಮಗೆ ದಿನಾ ಅದೇ ಕೆಲಸ ಬೇರೆ, ಯಾವತ್ತು ಬರ್ತೀರ. ಯಾವತ್ತು ಬೇಕಾದರೂ ಬರಬಹುದಿತ್ತು. ಆ ವಾರವೇ ರಜೆ ಹಾಕಬಹುದಿತ್ತು. ಆಮಂತ್ರಣ ಪತ್ರಿಕೆ ಆಸ್ಪತ್ರೆಯ ಗೋಡೆಗೂ ಅಂಟಿತ್ತು, ಅದರಲ್ಲಿ ಅವನ ಹೆಸರಿನ ಹಿಂದೆ ಮುಂದೆ ಎಷ್ಟೊಂದು ಬಿರುದು, ಅದನ್ನು ಓದಿ, ಇನ್ನೊಂದ್ಸಲ ಓದಿ, ಹತ್ತೊಂಬತ್ತನೇ ತಾರೀಖು ಬರ್ತೀನಿ ಎಂದಳು. ಅಯ್ಯೋ ಅಕ್ಕಾ ಅವತ್ತು ಸಮಾರಂಭ, ಗಲಾಟೆ — ಇರಲಿ. ಸರಿ ಬಿಡಿ, ಒಳ್ಳೇದೇ ಆಯ್ತು, ಭಾಷಣ ಮುಗಿದ ಮೇಲೆ ಅವರನ್ನೆಲ್ಲ ಹಿಂದಿನ ಕೋಣೆಗೆ ಕರ್ಕೊಂಡು ಬರ್ತೀನಿ, ಕೆಲಸ ನಡೀತಿರೋದು ನೋಡಿದ್ರೆ ಖುಷಿಪಡ್ತಾರೆ. ಹೂಂ, ಕರ್ಕೊಂಡು ಬಾ.

ಅಂಚು ಪೂರ್ತಿ ಬಿಟ್ಟಿತು. ಗರಗಸ ಆರಿಸಿ ಎರಡು ಕೈಯಲ್ಲಿ ಮುಚ್ಚಳ ಎತ್ತಿದರೆ ಒಳಗೆ ಪತ್ರಿಕೆ — ಮರೆತೇ ಹೋಗಿತ್ತು, ಮಣ್ಣಿಗೆ ಪ್ಲಾಸ್ಟರ್ ಅಂಟಬಾರದೆಂದು ನಡುವೆ ಒದ್ದೆ ಕಾಗದ ಹಾಸುತ್ತಾರೆ, ಆವತ್ತು ಕಾಗದ ಸಾಲದೆ ಮೇಸ್ತ್ರಿ ಬೆಳಗಿನ ಪತ್ರಿಕೆಯನ್ನೇ ಹರಿದು ಹಾಸಿದ್ದ — ಹಳದಿಗಟ್ಟಿದ ಹಾಳೆಯಲ್ಲಿ ಅವನು, ಬಿಳಿ ಟೊಪ್ಪಿ, ಏಳನೆಯ ಸಮಾಧಿಯ ಕಲ್ಲುಚಪ್ಪಡಿಯ ಮೇಲೊಂದು ಕಾಲು, ಎತ್ತಿ ಹಿಡಿದ ಕೈಯಲ್ಲಿ ಅರ್ಧ ಕಡಗ. ಹಾಸುವಾಗ ಮೇಸ್ತ್ರಿ ಹೇಳಿದ್ದು ಕಿವಿಯಲ್ಲೇ ಇದೆ, ನೋಡು ತಾಯಿ, ದೊಡ್ಡವರು ಕೊನೆಗೂ ಅಜ್ಜಿ ಕೈ ಹಿಡಿದರು. ನಕ್ಕಿದ್ದರು ಇಬ್ಬರೂ. ಕ್ಯಾಮೆರಾ ಒತ್ತಿದಳು, ಅಳತೆಪಟ್ಟಿ ಪಕ್ಕದಲ್ಲಿಟ್ಟು ಒಂದು, ಪತ್ರಿಕೆಯ ತಾರೀಖು ಕಾಣುವ ಹಾಗೆ ಇನ್ನೊಂದು. ತಾರೀಖು ಮುಖ್ಯ. ಕಡಗ ಎತ್ತಿ ಹಿಡಿದದ್ದು ಹಿಂದಿನ ದಿನ, ಇದು ಕಟ್ಟಿದ್ದು ಮಾರನೆಯ ಬೆಳಿಗ್ಗೆ, ಮಧ್ಯಾಹ್ನಕ್ಕೆ ಲಾರಿ ಹತ್ತಿತು, ಉಗ್ರಾಣದ ಪುಸ್ತಕದಲ್ಲಿ ಬಂದ ದಿನ ಬರೆದಿದೆ, ಚಾಲಕನ ರುಜು ಇದೆ, ಹುಡುಗಿಯೇ ತೋರಿಸಿದಳು, ಅಲ್ಲಿಂದ ಈಚೆಗೆ ಇದನ್ನು ನೊಣವೂ ಮುಟ್ಟಿಲ್ಲ — ಇದರೊಳಗೆ ಏನೇ ಇದ್ದರೂ ಅದು ಆವತ್ತು ಮಣ್ಣಿನಲ್ಲೇ ಇತ್ತು. ಏನೇ ಇದ್ದರೂ. ಇದ್ದರೆ. ಇಲ್ಲದಿದ್ದರೆ? ಇಲ್ಲದಿದ್ದರೆ ಎನ್ನುವುದನ್ನು ಮೂರು ವಾರದಿಂದ ತಟ್ಟೆಯ ಅಂಚಿಗೆ ತಳ್ಳುತ್ತ ಬಂದಿದ್ದಾಳೆ, ತಿನ್ನಲಾಗದ್ದನ್ನು ಮಕ್ಕಳು ತಳ್ಳಿದ ಹಾಗೆ.

ಸಂಜೆ ಕಾಲೇಜಿಗೆ ಬುಧವಾರ ಬುಧವಾರ ಬರುತ್ತಿದ್ದ ಅವನು. ಹಗಲೆಲ್ಲ ಬಟ್ಟೆಯಂಗಡಿಯಲ್ಲಿ ಥಾನು ಬಿಚ್ಚಿ ಮಡಚಿ ಸೋತ ಕೈಯಲ್ಲಿ ಅವಳು ಬರೆದುಕೊಂಡದ್ದು ಎಷ್ಟು ಪುಸ್ತಕ, ಮೊದಲ ಬೆಂಚು, ತಪ್ಪಿ ನಿದ್ದೆ ಬಂದರೆ ತೊಡೆ ಚಿವುಟಿಕೊಂಡು, ಮೂಳೆ ಅಂದ್ರೆ ಕಾಗದ ಕಣ್ರೀ ಎನ್ನುತ್ತಿದ್ದ, ಹೊತ್ತವರ ಕುತ್ತಿಗೆಯಲ್ಲಿ ಹೊರೆ ಬರೆದಿರುತ್ತೆ, ಕೂತು ಬೀಸಿದವರ ಮಂಡಿಯಲ್ಲಿ ಬೀಸುಕಲ್ಲು ಬರೆದಿರುತ್ತೆ, ಓದೋಕೆ ತಾಳ್ಮೆ ಬೇಕು. ಮತ್ತೆ ಆ ನಿಯಮ, ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಬರೆದುಕೊಂಡದ್ದು, ಕೆಳಗಿನ ಮೂಳೆ ಕಾಣುವ ತನಕ ಮೇಲಿನ ಒಡವೆ ಮುಟ್ಟಬಾರದು. ಅವನೇ ಆರಿಸಿ ಉತ್ಖನನಕ್ಕೆ ಕರೆದುಕೊಂಡು ಹೋದ, ಈ ಸಂಜೆ ಕಾಲೇಜಿನೋಳು ನಮ್ಮ ಹಗಲು ಕಾಲೇಜಿನ ಹತ್ತು ಜನಕ್ಕೆ ಸಮ ಎಂದು ಎಲ್ಲರೆದುರು ಹೇಳಿದ, ಆ ಮಾತನ್ನು ಮನೆಗೆ ತಂದು ಅಮ್ಮನಿಗೆ ಕೊಟ್ಟಳು, ಅಮ್ಮ ಅದನ್ನು ಓಣಿಗೆಲ್ಲ ಹಂಚಿದಳು. ಏಳನೆಯ ಸಮಾಧಿ ಹಗಲು ಕಾಲೇಜಿನವರಿಗೆ, ಚಪ್ಪಡಿ ಕಟ್ಟಿದ್ದು, ಆಳೆತ್ತರದ ಗಂಡಸು, ಈಟಿ. ಎರಡು ಮಾರು ಆಚೆ ಎಂಟು, ಅದು ಅವಳಿಗೆ, ಬರೀ ಗುಂಡಿ, ಮಗ್ಗುಲಾಗಿ ಮುದುಡಿ ಮಲಗಿದ ಮುದುಕಿ, ಹಲ್ಲು ಸವೆದು ಬುಡಕ್ಕೆ ಬಂದಿವೆ, ಕುತ್ತಿಗೆಯ ಮೂಳೆಗಳು ಒಂದರೊಳಗೊಂದು ಕೂತುಬಿಟ್ಟಿವೆ, ಹುಟ್ಟಿದಾಗಿನಿಂದ ತಲೆ ಮೇಲೆ ಏನೋ ಹೊತ್ತವಳು — ಹನ್ನೊಂದು ದಿನ ಬಿದಿರು ಕಡ್ಡಿಯಲ್ಲಿ ಕೆರೆದು, ಬ್ರಷ್ಷಿನಲ್ಲಿ ಗುಡಿಸಿ, ಹನ್ನೆರಡನೆಯ ದಿನ ಬೆಳಿಗ್ಗೆ ಎಡ ಮಣಿಕಟ್ಟಿನ ಮೇಲೆ ಕೂದಲೆಳೆಯಷ್ಟು ಹಸಿರು. ಹೊರೆ ಹೊತ್ತವಳ ಕೈಗೆ ಕಂಚು. ಯಾರು ತೊಡಿಸಿದರು ನಿಮಗೆ ಅಜ್ಜಿ, ಇಂಥ ಗುಂಡಿಯಲ್ಲಿ ಹೂಳಿದವರು ಇಂಥದ್ದನ್ನು ಯಾಕೆ ಬಿಟ್ಟರು. ಕಡಗದ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು, ಕೆಳಗಿನ ಅರ್ಧ ಕೈಯ ಅಡಿಗೆ, ಮಣ್ಣಿನೊಳಗೆ. ಇತ್ತೇ? ಇದ್ದಿರಲೇಬೇಕು. ಅವಳು ಕಂಡದ್ದು ಮೇಲಿನದು ಮಾತ್ರ, ಕಾಣದ್ದನ್ನು ಕಂಡೆ ಎಂದು ಹನ್ನೊಂದು ವರ್ಷದಲ್ಲಿ ಒಂದು ದಿನವೂ ಹೇಳಿಲ್ಲ, ತನಗೆ ತಾನೇ ಸಹ.

ಸರ್, ಎಂಟರಲ್ಲಿ ಕಂಚು ಎಂದು ಓಡಿಹೋಗಿ ಹೇಳಿದವಳೂ ಅವಳೇ, ಓಡುತ್ತ ಚಪ್ಪಲಿ ಕಳಚಿತ್ತು. ಆಗಲೇ ಪತ್ರಿಕೆಯವರ ಕಾರು ಬಂದಿದೆ. ಅವನು ಬಂದ, ಬಗ್ಗಿದ, ಅವಳು ಇನ್ನೂ ಫೋಟೋ ಆಗಿಲ್ಲ ಸರ್, ಕೆಳಗೆ ಬಿಡಿಸಿಲ್ಲ ಸರ್ ಎನ್ನುತ್ತಲೇ ಇದ್ದಾಳೆ, ಎರಡೇ ಬೆರಳು, ಹೆಬ್ಬೆರಳು ತೋರುಬೆರಳು, ಮೊಗ್ಗು ಕೀಳುವ ಹಾಗೆ ಕಿತ್ತ. ಟಕ್. ಅಷ್ಟೇ ಸದ್ದು. ಮಣಿಕಟ್ಟಿನ ಪುಟ್ಟ ಮೂಳೆಗಳು ಕದಲಿ ಮಣ್ಣು ಬಿರುಕು ಬಿಟ್ಟಿತು. ಅರ್ಧ ಹಿಡಿದುಕೊಂಡು ಏಳನೆಯದರ ಚಪ್ಪಡಿಯ ಮೇಲೆ ಕಾಲಿಟ್ಟು ನಿಂತ, ಅಲ್ಲಿ ಹಿನ್ನೆಲೆ ಚೆನ್ನಾಗಿತ್ತು. ಬೆಳಗಾದರೆ ನಾಯಕನ ಕಡಗ ಎಂದು ಅಚ್ಚಾಯಿತು, ಅಚ್ಚಾದದ್ದೇ ನಿಜವಾಯಿತು, ವಸ್ತುಗಳ ಪುಸ್ತಕದಲ್ಲಿ ಏಳು ಎಂದು ಬರೆದ, ಎಂಟರ ಪುಟದಲ್ಲಿ ಏನೂ ಇಲ್ಲ ಎಂದು ಬರೆದ. ಅವಳು ಕೇಳಲಿಲ್ಲವೇ, ಕೇಳಿದಳು, ಮೆತ್ತಗೆ, ಸರ್ ಅದು ಎಂಟರದಲ್ವಾ, ನನಗೇ ತಪ್ಪಾಗಿ ನೆನಪಿದೆಯೋ ಏನೋ — ಹಾಗೆ ಕೇಳಿದಳು, ಬಾಯಿ ತೆಗೆದರೆ ಮೊದಲು ತನ್ನ ಮೇಲೇ ಅನುಮಾನ ಸುರಿದುಕೊಳ್ಳುವ ಹಾಳು ಅಭ್ಯಾಸ, ಅದನ್ನೇ ಅವನು ಹಿಡಿದುಕೊಂಡ. ತಪ್ಪಾಗೇ ನೆನಪಿದೆ ಎಂದ. ನಾಲ್ಕನೆಯ ದಿನ ದೊಡ್ಡ ಅಧಿಕಾರಿಗಳು ಬಂದು ಉಳಿದರ್ಧ ಎಲ್ಲಿ ಎಂದರು, ಆಗ ಅವನು ಸುತ್ತ ಒಂದು ಸಲ ನೋಡಿದ, ಕಡಗ ಕಿತ್ತ ಬೆರಳು ಜೇಬಿನಲ್ಲಿದ್ದವು, ಕೊನೆಯಲ್ಲಿ ಅದರ ಹತ್ರ ಇದ್ದದ್ದು ಆ ಹುಡುಗಿ ಎಂದ. ಅಷ್ಟೇ ಅಂದದ್ದು. ಕದ್ದಳು ಎನ್ನಲಿಲ್ಲ, ಅಷ್ಟು ದಡ್ಡನಲ್ಲ. ಗಟ್ಟಿಯೊಳಗಿರಬಹುದು ಸರ್, ಎಡಗೈ ಮಣ್ಣು ಸಮೇತ ಎತ್ತಿ ಕಳಿಸಿದೀವಿ, ಮೇಸ್ತ್ರಿನೂ ಇದ್ದರು — ಯಾವ ಗಟ್ಟಿ, ಎಂಟರ ಪುಟದಲ್ಲಿ ಗಟ್ಟಿ ಎತ್ತಿದ ಲೆಕ್ಕವೇ ಇಲ್ಲವಲ್ಲಮ್ಮ. ಪುಟ ಬರೆದವನು ಅವನು. ಅಗೆದು ಹೊರಹಾಕಿದ ಮಣ್ಣಿನ ಗುಡ್ಡೆಯನ್ನು ಮೂರು ದಿನ ಒಬ್ಬಳೇ ಜರಡಿ ಹಿಡಿದಳು, ಕೈ ಬೊಬ್ಬೆ, ಕಣ್ಣು ತುಂಬ ಧೂಳು, ಇನ್ನೊಂದ್ಸಲ ಇನ್ನೊಂದ್ಸಲ ಎಂದು ಯಾರೂ ಆಗ ನಗಲಿಲ್ಲ, ದೂರ ನಿಂತು ನೋಡಿದರು, ಅದು ನಗುವುದಕ್ಕಿಂತ ಕೆಟ್ಟದ್ದು.

ಕಾಗದದ ಪದರ ಒಂದೊಂದೇ ಎತ್ತು, ಮಣ್ಣಿಗೆ ನೀರು ಸಿಂಪಡಿಸು, ಕಾಯಿ. ಕೆಂಪು ಮಣ್ಣು ಕುಡಿದು ಕಪ್ಪಾಗುತ್ತದೆ. ಗಟ್ಟಿಯನ್ನು ಬುಡಮೇಲು ಮಾಡಿಯೇ ಇಟ್ಟಿದ್ದಾಳೆ, ಕೆಳಗಿನಿಂದ ಬಿಡಿಸಬೇಕು, ಕೈಯ ಅಡಿಭಾಗದಿಂದ, ಆಗ ಕಡಗ ಇದ್ದರೆ ಮೊದಲು ಅದೇ ಎದುರಾಗುತ್ತದೆ, ಬೆರಳ ತುದಿಯಿಂದ ಶುರುಮಾಡಿ ಮಣಿಕಟ್ಟಿನ ಕಡೆಗೆ. ಕಿರುಬೆರಳ ತುದಿ ಬಂತು, ಅಕ್ಕಿಕಾಳಿಗಿಂತ ತುಸು ದಪ್ಪ. ಬ್ರಷ್ಷು, ಕ್ಯಾಮೆರಾ, ಬರೆ. ಅಮ್ಮ ಬರುತ್ತಾಳೆ ಈಗ, ಬರಬೇಡ ಎಂದರೂ ಬರುತ್ತಾಳೆ. ಕೆಲಸದಿಂದ ತೆಗೆದರು ಎಂದು ಹೇಳಿದ ಸಂಜೆ ಅಮ್ಮ ಕೈ ತೊಳೆದುಕೊಂಡು ಬಂದು ಊಟಕ್ಕೆ ಬಡಿಸಿದಳು, ಮಾರನೆಯ ದಿನ ಅಂಗಡಿಯಿಂದ ಬಂದರೆ ಇವಳ ಟ್ರಂಕು ತೆರೆದಿದೆ, ಮಡಚಿದ್ದ ಬಟ್ಟೆ ಮತ್ತೆ ಮಡಚಿದೆ, ಅಮ್ಮನ ಮಡಿಕೆಯೇ ಬೇರೆ, ಪುಸ್ತಕಗಳ ನಡುವಿನ ಹಾಳೆಗಳು ಕೂಡ ತಿರುವಿವೆ. ಅಮ್ಮ ಗೋಡೆ ನೋಡುತ್ತ ಹೇಳಿದಳು, ಇದ್ದರೆ ಕೊಟ್ಟುಬಿಡು ಮಗಳೇ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ, ಇದ್ದರೆ ಕೊಟ್ಟುಬಿಡು, ನಾನೂ ಬರ್ತೀನಿ ಜೊತೆಗೆ, ಕಾಲಿಗೆ ಬೀಳೋಣ. ಇಲ್ಲ ಅಮ್ಮ ಎಂದಳು. ಅಮ್ಮ ಹೂಂ ಎಂದಳು, ನಂಬಿದ ಹೂಂ ಅಲ್ಲ, ಮಗಳಲ್ಲವಾ ಎನ್ನುವ ಹೂಂ. ಆ ಹೂಂ ಅನ್ನು ಒಂಬತ್ತು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಉಂಡರು. ಕೊನೆಗೆ ಆಸ್ಪತ್ರೆಯಲ್ಲಿ, ಅವಳದೇ ಆಸ್ಪತ್ರೆ, ಎರಡು ಮಹಡಿ ಮೇಲೆ, ಅಮ್ಮ ಅವಳ ಕೈಹಿಡಿದು ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು, ಅದು ಅದೇ ಮಾತಾಗಿತ್ತೋ ಬೇರೆ ಏನೋ, ನೀರು ಕೇಳಿದಳೋ — ಗೊತ್ತಾಗುವುದಿಲ್ಲ ಇನ್ನು. ಕೆಲಸ ಹೋದದ್ದಕ್ಕಲ್ಲ. ಪತ್ರಿಕೆಗಲ್ಲ. ಆ ತೆರೆದು ಮುಚ್ಚಿದ ಬಾಯಿಗೆ ಅವನು ಉತ್ತರ ಹೇಳಬೇಕು.

ಹನ್ನೊಂದು ಹೊಡೆಯಿತು. ಚಪ್ಪಾಳೆ. ಎಷ್ಟು ಸಲ ಹೊಂಚಿದ್ದಾಳೆ ಇದನ್ನು, ಬಸ್ಸಿನಲ್ಲಿ ನಿಂತು, ಪಾತ್ರೆ ತಿಕ್ಕುತ್ತ, ಯಾರದೋ ಮೊಣಕಾಲಿನ ಕಟ್ಟು ಬಿಚ್ಚುತ್ತ, ಒಮ್ಮೆ ಅವನು ಮೆಟ್ಟಿಲಿಳಿಯುತ್ತ ಕಾಲು ಮುರಿದುಕೊಂಡು ತನ್ನ ಮೇಜಿಗೇ ಬಂದ ಹಾಗೆ, ಹೆದರಬೇಡಿ ಎನ್ನದೆ ಸುಮ್ಮನೆ ಗರಗಸ ಚಾಲೂ ಮಾಡಿದ ಹಾಗೆ, ಛೀ ಎಂದುಕೊಂಡು ಮತ್ತೆ ಮೊದಲಿಂದ. ಸಮಾರಂಭದ ನಡುವೆ ಎದ್ದು ನಿಂತು ಹೇಳುವ ಮಾತು ಬರೆದು ಬಾಯಿಪಾಠ ಮಾಡಿದ್ದಾಳೆ, ಮೂರು ಪುಟ, ಅದರಲ್ಲಿ ಎರಡು ಕಡೆ ದಯವಿಟ್ಟು ಎಂದು ಬಂದಿದೆ, ಅದನ್ನು ಹೊಡೆದುಹಾಕಿದ್ದಾಳೆ. ಧ್ವನಿವರ್ಧಕದಲ್ಲಿ ಅವನ ದನಿ, ತುಸು ಗೊಗ್ಗರು, ಆದರೂ ಅದೇ ಬುಧವಾರದ ದನಿ, ಮೂಳೆ ಅಂದ್ರೆ ಕಾಗದ ಕಣ್ರೀ — ಇನ್ನೂ ಅದನ್ನೇ ಹೇಳುತ್ತಾನೆ — ಹೊರೆ ಹೊತ್ತವರು ಕೈಬೀಸಿ ಬಂದರು, ಕೈಬೀಸಿ ಹೋದರು, ಆಳಿದವನು ಮಾತ್ರ ಕಡಗ ತೊಟ್ಟು ಹೋದ, ಇಡೀ ಸಮಾಜ ಆ ಒಂದು ಕಡಗದಲ್ಲಿದೆ. ಇನ್ನರ್ಧ ಎಲ್ಲಿ ಅಂತ ಎಲ್ಲರೂ ಕೇಳ್ತಾರೆ. ನಮ್ಮಲ್ಲಿ ಒಬ್ಬಳು ಸಂಜೆ ಕಾಲೇಜಿನ ಹುಡುಗಿ ಇದ್ದಳು, ಮೂಳೆಯನ್ನ ಎರಡೆರಡು ಸಲ ಎಣಿಸ್ತಿದ್ದಳು, ಕಡಗವನ್ನ ಮಾತ್ರ ಒಂದೇ ಸಲ ಎಣಿಸಿದಳು ಅಂತ ಕಾಣುತ್ತೆ. ನಗು. ದೊಡ್ಡ ನಗು, ಗೋಡೆಯಾಚೆಯಿಂದಲೂ ತಲೆಯ ಮೇಲಿನಿಂದಲೂ ಒಟ್ಟಿಗೆ. ಇದನ್ನು ಅವನು ಎಲ್ಲೆಲ್ಲಿ ಹೇಳಿದ್ದಾನೆ, ಎಷ್ಟು ಊರಲ್ಲಿ, ಎಷ್ಟು ಸಲ ನಗಿಸಿದ್ದಾನೆ, ಹನ್ನೊಂದು ವರ್ಷ ಅವಳು ಅವನಿಗೆ ಊಟದ ನಡುವಿನ ಉಪ್ಪಿನಕಾಯಿ ಆಗಿದ್ದಳೇ.

ಕೈ ತಾನಾಗಿ ಕರಣೆಗೆ ಹೋಯಿತು. ಉಕ್ಕಿನ ಕರಣೆ, ಚೂಪು ಮೂತಿ. ಬೆರಳುಗಳು ಬಂದಿವೆ, ಅಂಗೈಯ ಐದು ಉದ್ದ ಮೂಳೆಗಳು ಬಂದಿವೆ, ಮಣಿಕಟ್ಟಿಗೆ ಇನ್ನು ಎರಡು ಅಂಗುಲ ಮಣ್ಣು, ಕಡ್ಡಿಯಲ್ಲಿ ಕೆರೆದರೆ ಇನ್ನೂ ಮೂರು ಗಂಟೆ, ಕರಣೆ ಹಾಕಿ ಮೀಟಿದರೆ ಒಂದೇ ನಿಮಿಷ, ಅಷ್ಟರಲ್ಲಿ ಬರುತ್ತಾರೆ ಅವರು, ಬಂದು ಚಹಾ ಕುಡಿದು ಹೋಗಿಬಿಡುತ್ತಾರೆ, ಅವನು ಕಾರು ಹತ್ತುತ್ತಾನೆ, ಮೀಟು, ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ, ಮೀಟಿ ಎತ್ತಿಕೊಂಡು ಹೋಗಿ ಆ ಮೈಕಿನ ಮುಂದೆ ಹಿಡಿ — ಮೂತಿ ಮಣ್ಣಿಗೆ ಊರಿತ್ತು. ಕಾಳಿನಷ್ಟು ಜಾಗ ಬಿರುಕು ಬಿಟ್ಟಿತು. ಬಿರುಕಿನಲ್ಲಿ ಬಟಾಣಿಯಂಥದೊಂದು ದುಂಡಗೆ ಇಣುಕಿತು, ಮಣಿಕಟ್ಟಿನ ಎಂಟು ಮೂಳೆಗಳಲ್ಲಿ ಎಲ್ಲಕ್ಕೂ ಚಿಕ್ಕದು, ಕಿರುಬೆರಳ ಕಡೆಯದು, ಆವತ್ತು ಅವನು ಕಿತ್ತಾಗಲೂ ಉದುರದೆ ಉಳಿದದ್ದು. ಟಕ್ ಎನ್ನುವ ಆ ಸದ್ದು ಮತ್ತೆ ಕೇಳಿಸಿತು, ಈ ಸಲ ತನ್ನ ಕೈಯಿಂದ ಬರಲಿದ್ದ ಸದ್ದು. ಸತ್ತೋರಿಗೆ ಅವಸರ ಇಲ್ಲ ತಾಯಿ, ಇರೋದು ಫೋಟೋ ತೆಗೆಯೋರಿಗೆ — ಮೇಸ್ತ್ರಿ. ಕರಣೆ ತೆಗೆದು ತೊಟ್ಟಿಯೊಳಗೆ ಹಾಕಿದಳು, ಕೈಗೆ ಸಿಗದ ಹಾಗೆ. ಹೋಗಲಿ ಅವನು. ಹೋದರೆ ಹೋಗಲಿ, ಮನೆಗೆ ಹುಡುಕಿಕೊಂಡು ಹೋಗೋಣ, ಉಪ್ಪು ತಿಂದವನು ನೀರು ಕುಡಿಯಲೇಬೇಕು, ಇವತ್ತಲ್ಲದಿದ್ದರೆ ನಾಳೆ, ಆದರೆ ಅವನು ಎಳೆದ ಹಾಗೆ ಎಳೆದರೆ ಅವನಿಗೂ ಇವಳಿಗೂ ಏನು ಉಳಿಯಿತು, ಅಜ್ಜಿಯ ಕೈ ಎರಡು ಸಲ ಮುರಿದ ಹಾಗಾಗುತ್ತದೆ. ಸೇಡು ಬೇಡ ಎಂದಲ್ಲ. ಬೇಕು. ಅಚ್ಚುಕಟ್ಟಾಗಿ ಬೇಕು, ಎಲ್ಲಿಂದ ನೋಡಿದರೂ ಒಂದು ಕೂದಲು ಆಚೀಚೆ ಇರಬಾರದು, ನಾಳೆ ಅವನ ಶಿಷ್ಯರು ಭೂತಗನ್ನಡಿ ಹಿಡಿದು ಬಂದರೂ ತಪ್ಪು ಸಿಗಬಾರದು. ಬಿದಿರು ಕಡ್ಡಿ. ನೀರು. ಕಾಯಿ. ಒಂದು ಕಣ ಮಣ್ಣು, ಇನ್ನೊಂದು ಕಣ. ಧ್ವನಿವರ್ಧಕದಲ್ಲಿ ಬೇರೆ ಯಾರೋ ಮಾತಾಡುತ್ತಿದ್ದಾರೆ, ಅವರು ಬೇಗ ಮುಗಿಸುವುದಿಲ್ಲ ಎಂದು ಪ್ರತಿಸಲವೂ ಬೇಗ ಮುಗಿಸುತ್ತೇನೆ ಎನ್ನುವುದರಿಂದಲೇ ಗೊತ್ತಾಗುತ್ತಿದೆ, ಮಾತಾಡಪ್ಪ, ನಿನ್ನ ಬಾಯಿ ತಣ್ಣಗಿರಲಿ, ಇನ್ನೂ ಮಾತಾಡು. ಅವನಾದ ಮೇಲೆ ಇನ್ನೊಬ್ಬ, ಆಮೇಲೆ ಮತ್ತೊಬ್ಬ. ಬಟಾಣಿ ಬಿಡಿಸಿಕೊಂಡಿತು. ಅದರ ಮಗ್ಗುಲಿನದು. ಗಂಟೆ ಒಂದಾಯಿತೋ, ಒಂದೂವರೆಯೋ, ಊಟದ ತಟ್ಟೆಗಳ ಸದ್ದು, ಹೊಟ್ಟೆ ಹಸಿದಿದೆ, ಇರಲಿ. ಮುಂಗೈ ಮೂಳೆಯ ತುದಿ ಬಂತು, ಮಾಸಲು ಬಿಳಿ, ಮಾಸಲು ಬಿಳಿ, ಇನ್ನೂ ಮಾಸಲು ಬಿಳಿಯೇ, ಇಲ್ಲವೇನೋ, ಮಣ್ಣಿನ ಗುಡ್ಡೆಯಲ್ಲೇ ಹೋಯಿತೇನೋ, ಜರಡಿಯ ಕಣ್ಣು ದೊಡ್ಡದಿತ್ತೇನೋ, ನಾನೇ ಕಳೆದೆನೇನೋ ಅಮ್ಮ — ಆಮೇಲೆ ಕಡ್ಡಿಯ ತುದಿ ತುಸು ಜಾರಿತು, ಮಣ್ಣು ಜಾರುವ ಹಾಗಲ್ಲ, ಮೂಳೆ ಜಾರುವ ಹಾಗಲ್ಲ. ಹಸಿರು. ಕೂದಲೆಳೆಯಷ್ಟು.

ಬನ್ನಿ ಸರ್, ಇಲ್ಲಿ ಮೆಟ್ಟಿಲಿದೆ ನೋಡ್ಕೊಳ್ಳಿ, ಇದೇ ನಮ್ಮ ಕೆಲಸದ ಕೋಣೆ — ಉಗ್ರಾಣದ ಹುಡುಗಿ ಬಾಗಿಲು ತೆರೆದು ಹಿಡಿದಿದ್ದಾಳೆ, ಹಿಂದೆ ಹತ್ತು ಹನ್ನೆರಡು ಜನ, ಕೈಯಲ್ಲಿ ಚಹಾದ ಲೋಟ, ಪತ್ರಿಕೆಯವರಿದ್ದಾರೆ, ಆವತ್ತಿನ ಹಾಗೆಯೇ. ನಡುವೆ ಅವನು. ಇಷ್ಟು ಚಿಕ್ಕವನಾದನೇ, ಕೋಲು ಹಿಡಿದಿದ್ದಾನೆ, ಕೊರಳಪಟ್ಟಿ ಸಡಿಲ, ಕಿವಿಯಲ್ಲಿ ಕೂದಲು ಬಿಳಿ — ಅವಳಿಗೆ ಮೋಸವಾದ ಹಾಗಾಯಿತು, ಗಟ್ಟಿಮುಟ್ಟಾಗಿ ಇರಬೇಕಿತ್ತು, ಹೊಡೆದರೆ ತಾಕುವ ಹಾಗೆ, ಮುದುಕನಾಗಿ ಬಂದು ತಪ್ಪಿಸಿಕೊಳ್ಳುವ ಹಂಚಿಕೆ ಇದು, ಕರಗಬೇಡ, ಕರಗಿದರೆ ನೀನು ಸತ್ತೆ. ಅವನು ಗುರುತು ಹಿಡಿಯಲಿಲ್ಲ. ಮೇಜಿನ ಹತ್ತಿರ ಬಂದು ಬಗ್ಗಿದ, ಏನಮ್ಮಾ, ಯಾವ ಸಮಾಧಿದು ಇದು. ಎಂಟು ಎಂದಳು. ಎಂಟರಲ್ಲಿ ಏನೂ ಇರಲಿಲ್ಲವಲ್ಲ ಎಂದ, ಸಹಜವಾಗಿ, ನಿಜವಾಗಿಯೂ ಹಾಗೆ ನಂಬಿದವನ ಹಾಗೆ, ನಂಬಿಬಿಟ್ಟಿದ್ದಾನೆ, ತಾನೇ ಬರೆದ ಪುಟವನ್ನು ತಾನೇ ಓದಿ ಓದಿ. ಅವಳು ಕ್ಯಾಮೆರಾ ಒತ್ತಿದಳು. ಬ್ರಷ್ಷು ಒಂದೇ ಒಂದು ಸಲ ಆಡಿಸಿದಳು. ಮಣ್ಣು ಸರಿಯಿತು, ಮುಂಗೈಯ ಎರಡು ಮೂಳೆಗಳನ್ನು ತಬ್ಬಿಕೊಂಡು ಕಂಚು, ಅರ್ಧ ವೃತ್ತ, ಕಂಚು ತಾಕಿದಲ್ಲೆಲ್ಲ ಮೂಳೆಯ ಮೇಲೂ ಅದೇ ಹಸಿರು ಇಳಿದು ಒಂದು ಉಂಗುರ, ಎರಡು ಸಾವಿರ ವರ್ಷ ಒಂದೇ ಕೈಯಲ್ಲಿ ಕೂತರೆ ಮಾತ್ರ ಇಳಿಯುವ ಬಣ್ಣ. ಯಾರೋ ಓಹ್ ಎಂದರು. ಹುಡುಗಿ ಬಗ್ಗಿ ನೋಡಿದಳು, ಅಕ್ಕಾ ಇದು, ಹೊರಗಿನ ಪೆಟ್ಟಿಗೆಯಲ್ಲಿರೋದರ — ಎಂದು ನಿಂತಳು, ಅವಳ ಕಣ್ಣು ಮೇಜಿನ ಮೇಲೆ ಹರಡಿದ ಹಳೆಯ ಪತ್ರಿಕೆಗೆ ಹೋಯಿತು, ಅಲ್ಲಿಂದ ಅವನ ಮುಖಕ್ಕೆ, ಅಲ್ಲಿಂದ ಮತ್ತೆ ಪತ್ರಿಕೆಗೆ, ಸೊಂಟದ ಬೀಗದಕೈ ಗೊಂಚಲು ಹಿಡಿದುಕೊಂಡು ಸಭಾಂಗಣಕ್ಕೆ ಹೊರಟಳು, ಇಲ್ಲೇ ಇರಿ ಎಲ್ಲರೂ, ತಂದು ಕೂರಿಸಿ ನೋಡೋಣ. ಆಗ ಅವನ ಕೈ ಮುಂದೆ ಬಂತು. ಕೋಲು ಹಿಡಿಯದ ಕೈ, ಹೆಬ್ಬೆರಳು, ತೋರುಬೆರಳು, ಹಳೆಯ ಚಾಳಿ, ಮೊಗ್ಗು ಕೀಳುವ ಹಾಗೆ.

ಹಿಡಿದಳು. ಮಣಿಕಟ್ಟಿಗೇ ಹಿಡಿದಳು, ಕಟ್ಟು ಬಿಚ್ಚಿ ಬಿಚ್ಚಿ ಬಲಿತ ಕೈ, ಮುದುಕನ ಮೂಳೆ ಬೆರಳಿಗೆ ಒಂದೊಂದೇ ಸಿಗುತ್ತಿದೆ, ಎಂಟೂ ಎಣಿಸಬಹುದು. ಮೂರು ಪುಟದ ಮಾತು ಎಲ್ಲಿ ಹೋಯಿತು, ಬಾಯಿಪಾಠ ಮಾಡಿದ್ದು, ಒಂದು ಅಕ್ಷರವೂ ಇಲ್ಲ, ಬಂದದ್ದು ಕೆಂಪು ಗೆರೆಯ ಆ ಸಾಲು ಮಾತ್ರ, ಕೆಳಗಿನ ಮೂಳೆ ಕಾಣೋ ತನಕ ಮೇಲಿನ ಒಡವೆ ಮುಟ್ಟಬಾರದು ಸರ್, ಬುಧವಾರ ನೀವೇ ಹೇಳಿಕೊಟ್ಟಿದ್ದು. ಅವನು ಈಗ ನೋಡಿದ. ಮುಖವನ್ನಲ್ಲ, ಗಟ್ಟಿಯ ಮುಚ್ಚಳದ ಮೇಲಿನ ಎರಡು ಸರಿ ಗುರುತುಗಳನ್ನು, ಆಮೇಲೆ ಮುಖವನ್ನು. ಇನ್ನೊಂದ್ಸಲ ಎಂದ, ಹೆಸರು ಕರೆದ ಹಾಗೆ, ತುಟಿಯಲ್ಲೇ. ಆಮೇಲೆ ಇನ್ನೂ ಸಣ್ಣಗೆ, ಜನ ಇದಾರಮ್ಮ, ಆಮೇಲೆ ಕೂತು ಮಾತಾಡೋಣ, ಕೈ ಬಿಡು. ಯಾರೋ ಹಿಂದಿನಿಂದ, ಬಿಡಿ ಮೇಡಂ, ವಯಸ್ಸಾದೋರು. ಬಿಡುವುದಿಲ್ಲ. ಅವನ ನಾಡಿ ಬೆರಳಿನ ಕೆಳಗೆ ಹಕ್ಕಿಯ ಹಾಗೆ ಬಡಿಯುತ್ತಿದೆ, ಅವಳ ಕೈ ಮರದ ಬಡ್ಡೆಯ ಹಾಗೆ ನಿಂತಿದೆ, ಜೀವಮಾನದಲ್ಲಿ ಮೊದಲ ಸಲ ಇನ್ನೊಂದು ಸಲ ನೋಡಬೇಕು ಅನ್ನಿಸುತ್ತಿಲ್ಲ. ಉಳಿದರ್ಧ ನಿಮ್ಮ ಹತ್ರಾನೇ ಇತ್ತಲ್ಲ ಸರ್ ಎಂದಳು, ಎಲ್ಲರಿಗೂ ಕೇಳುವ ಹಾಗೆ, ಜೋರಾಗಿಯೂ ಅಲ್ಲ, ಬಡಿಸುವ ಹೊತ್ತಿನ ದನಿಯಲ್ಲಿ, ಗೋಡೆ ನೋಡದೆ, ಅವನ ಕಣ್ಣನ್ನೇ ನೋಡುತ್ತ, ಅಜ್ಜಿದು ಅದು, ಇದ್ದರೆ ಕೊಟ್ಟುಬಿಡಿ. ಲೋಟಗಳು ನಿಂತವು. ಆಚೆ ಸಭಾಂಗಣದಲ್ಲಿ ಗಾಜಿನ ಪೆಟ್ಟಿಗೆಯ ಬೀಗ ತಿರುಗಿದ ಸದ್ದು, ಹುಡುಗಿಯ ಹೆಜ್ಜೆ ಈ ಕಡೆಗೆ, ಅವಳು ಬರಲಿ, ನಿಧಾನವಾಗಿ ಬರಲಿ, ಎಡವದೆ ಬರಲಿ, ಇವನ ಮಣಿಕಟ್ಟಿನ ಸುತ್ತ ಇವಳ ಹೆಬ್ಬೆರಳೂ ನಡುಬೆರಳೂ ಕೂಡುವುದಿಲ್ಲ, ಅರ್ಧ ಸುತ್ತು, ಮೇಜಿನ ಮೇಲೆ ಮಣ್ಣಿನಲ್ಲಿ ಇನ್ನರ್ಧ, ಮೂಳೆಗೆ ಇಳಿದ ಬಣ್ಣ, ತೆರೆದ ಬಾಯಿಯ ಹಾಗೆ, ಅಮ್ಮ ತೆರೆದು ಮುಚ್ಚಿದ — ಮುಚ್ಚದೆ, ತೆರೆದೇ, ಹಸಿರು, ಹಸಿರು ಅರ್ಧ, ಹಸಿರು